ಹಿಂದಿನ ಸೀಟಿನ ಮಾತು

ಜನವರಿ 9

ಹಾರ್ನ್‌ಗೆ,

ಈ ಹೆಸರಿನಿಂದ ಕರೆದರೆ ಕಾಗದವನ್ನು ಹರಿದು ಬಿಸಾಡುತ್ತೀಯೆಂದು ಗೊತ್ತು. ಆದರೆ ತೊಟ್ಟಿಲಲ್ಲಿದ್ದಾಗಲೇ ಇಡೀ ಬೀದಿಗೆ ಕೇಳುವಂತೆ ಅರಚುತ್ತಿದ್ದ ತಂಗಿಗೆ ಈ ವಯಸ್ಸಿನಲ್ಲಿ ಬೇರೆ ಹೆಸರು ಹುಡುಕಲು ನನ್ನಿಂದಾಗದು.

ಮೊದಲು ವ್ಯವಹಾರದ ಮಾತು. ಡೀಲರುಗಳ ಸಂಘದವರು ಹೊರದೇಶದಿಂದ ಒಂದು ಸಣ್ಣ ಪೆಟ್ರೋಲ್ ಎಸ್‌ಯುವಿ ತರಿಸಿ ನನ್ನ ಕೈಗೆ ಕೊಟ್ಟಿದ್ದಾರೆ. ಕೆಲವು ತಿಂಗಳು ಓಡಿಸಿ, ಈ ಸುತ್ತಿನ ಡೀಲರುಗಳು ಅದನ್ನು ತಂದು ಮಾರಬಹುದೋ ಬೇಡವೋ ಎಂದು ನಾನು ವರದಿ ಬರೆಯಬೇಕು. ಆ ಡೀಲರುಗಳಲ್ಲಿ ನೀನೂ ಒಬ್ಬಳು. ಸಂಘದ ಸುತ್ತೋಲೆ ಹೇಗೂ ಬರುತ್ತದೆ. ಇದು ಅಣ್ಣನ ಕಾಗದ.

ಕಾರಿನ ಬಣ್ಣ ಬೂದು. ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಲ್ಲೂ ಅದು 'ಬೂದಿ' ಆಗಿಬಿಟ್ಟಿದೆ. ಮದುವೆಮನೆಗೆ ಬಂದ ದೂರದ ನೆಂಟನ ಹಾಗೆ ಎಲ್ಲರಿಗೂ ಹಲ್ಲು ಕಿರಿಯುತ್ತದೆ, ಹೋದ ಮೇಲೆ ಮುಖ ಯಾರಿಗೂ ನೆನಪಿರುವುದಿಲ್ಲ. ಮಾರಾಟಕ್ಕೆ ಅಂಥದೇ ಬೇಕು ಅನ್ನು. ಎಂಜಿನ್ ಚಿಕ್ಕದು, ಏರು ಸಿಕ್ಕರೆ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಓಡುತ್ತದೆ. ಗುಂಡಿಗೆ ಬಿದ್ದರೆ ಬೆನ್ನಿಗೆ ಗೊತ್ತಾಗುವುದಿಲ್ಲ. ಊರೊಳಗಿನ ದಟ್ಟಣೆಯಲ್ಲಿ ಪೆಟ್ರೋಲನ್ನು ಮಾತ್ರ ಸ್ವಲ್ಪ ಧಾರಾಳವಾಗಿ ಕುಡಿಯುತ್ತದೆ.

ಶಬ್ದದ ಪರೀಕ್ಷೆಯೊಂದು ಬಾಕಿ ಇದೆ. ನನ್ನ ಪದ್ಧತಿ ನಿನಗೆ ಗೊತ್ತು. ಶಬ್ದ ಅಳೆಯುವ ಯಂತ್ರವನ್ನು ನಂಬುವವನಲ್ಲ ನಾನು. ನನ್ನ ಬೆನ್ನಿನ ಹಿಂದೆ ಸರಿಯಾಗಿ ಒಬ್ಬರು ಕೂರಬೇಕು, ದನಿ ಏರಿಸದೆ ಮನೆಯಲ್ಲಿ ಆಡುವಂತೆ ಮಾತಾಡಬೇಕು. ಹೆದ್ದಾರಿಯ ವೇಗದಲ್ಲೂ ನನಗೆ ಮಾತು ತಿಳಿದರೆ ಕಾರು ಪಾಸು. ಇಷ್ಟು ವರ್ಷ ಆ ಸೀಟು ನಿನ್ನ ಅತ್ತಿಗೆಯದಾಗಿತ್ತು. ಅವಳು ಹೋದ ಮೇಲೆ ಇದೇ ಮೊದಲ ಪರೀಕ್ಷೆ, ಈಗ ಯಾರನ್ನು ಕೂರಿಸಲಿ? ನೀನೇ ಬಾ.

ಅವಳು ಹೋಗಿ ಎರಡು ವರ್ಷ. ಹೊಟ್ಟೆಯಲ್ಲಿ ಗಂಟು ಇಟ್ಟುಕೊಂಡು ನನಗೊಂದು ಮಾತು ಹೇಳಲಿಲ್ಲ. ಹೇಳಿದ್ದರೆ ಎಲ್ಲಿದ್ದರೂ ಕಾರನ್ನು ತಿರುಗಿಸಿ ನೇರ ಆಸ್ಪತ್ರೆಗೆ ಓಡಿಸುತ್ತಿದ್ದೆ. ಈ ಸಂಕಟವನ್ನು ಹೇಳಿಕೊಳ್ಳೋಣವೆಂದರೆ ನೀನೂ ಮಾತು ಬಿಟ್ಟೆ. ಅಂತ್ಯಕ್ರಿಯೆ ಮುಗಿದ ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೊರಟವಳು ತಿರುಗಿಯೂ ನೋಡಲಿಲ್ಲ. ಯಾಕೆ ಹಾರ್ನ್? ನಾನು ಏನು ಮಾಡಿದೆ? ನನಗೆ ಅದೊಂದು ತಿಳಿಯಬೇಕು.

ಫೋನು ಮಾಡಬೇಡ. ಈಗಿನ ಫೋನುಗಳಲ್ಲಿ ಎಲ್ಲರೂ ಬಾಯಿಗೆ ಹತ್ತಿ ತುರುಕಿಕೊಂಡಂತೆ ಗೊಣಗುತ್ತಾರೆ. ಕಾಗದ ಬರೆ.

ನಿನ್ನ
ಅಣ್ಣ


ಜನವರಿ 22

ಅಣ್ಣನಿಗೆ,

ಕಾಗದ ತಲುಪಿತು. ಡೀಲರಾಗಿ ನನಗೆ ತಿಳಿಯಬೇಕಾದದ್ದು ಇಷ್ಟು. ಬಿಡಿಭಾಗಗಳು ಹಡಗಿನಲ್ಲೇ ಬರಬೇಕೋ, ಇಲ್ಲೇ ದಾಸ್ತಾನು ಇಡುತ್ತಾರೋ? ಹಿಂದಿನ ಬಾಗಿಲು ಮಂಡಿನೋವಿನವರು ಹತ್ತಿ ಇಳಿಯುವಷ್ಟು ಅಗಲ ತೆರೆಯುತ್ತದೆಯೋ? ನನ್ನ ಗಿರಾಕಿಗಳಲ್ಲಿ ಅರ್ಧ ಜನ ಅಪ್ಪ ಅಮ್ಮಂದಿರನ್ನು ಕೂರಿಸಿ ನೋಡಿಯೇ ಕಾರು ಕೊಳ್ಳುವವರು.

ನಾನು ಇಷ್ಟು ದಿನ ಮಾರುತ್ತಿದ್ದ ಕಂಪನಿ ಈ ಕಡೆಯ ವ್ಯಾಪಾರ ಮುಗಿಸಿಕೊಂಡು ಹೊರಟಿದೆ. ಶೋರೂಮಿನ ಗಾಜಿನ ಹಿಂದೆ ಎರಡೇ ಕಾರು ಉಳಿದಿವೆ. ದಿನಾ ಬೆಳಿಗ್ಗೆ ಅವುಗಳ ಜಾಗ ಬದಲಿಸಿ ಹೊಸದು ಬಂದಂತೆ ತೋರಿಸುತ್ತಿದ್ದೇನೆ. ಯಜಮಾನರು ಬಿಟ್ಟುಹೋದ ಅಂಗಡಿ ನನ್ನ ಕಾಲದಲ್ಲಿ ಮುಚ್ಚಬಾರದು. ಆದ್ದರಿಂದ ಬಂದು ಕೂರುತ್ತೇನೆ. ಫೆಬ್ರವರಿ ಕೊನೆಯಲ್ಲಿ ಒಂದು ದಿನ ಗೊತ್ತುಮಾಡು.

ನಿನ್ನ ಇನ್ನೊಂದು ಪ್ರಶ್ನೆಯ ಉತ್ತರ ನಿನಗೇ ಗೊತ್ತಿದೆ. ಏನೂ ಅರಿಯದವನ ಹಾಗೆ ನನ್ನನ್ನು ಕೇಳಬೇಡ.

ತಂಗಿ


ಫೆಬ್ರವರಿ 14

ಮಗಳೇ,

ಫೋನಿನಲ್ಲಿ ಹೇಳಿದರೆ ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. 'ಮಾವನ ಮೇಲೆ ನಿನಗೆ ಅಂಥದೇನು ಕೋಪ' ಎಂದು ಎರಡು ವರ್ಷದಿಂದ ನನ್ನ ತಲೆ ತಿನ್ನುತ್ತಿದ್ದೀಯಲ್ಲ, ಕೇಳು.

ನಿನ್ನ ಅತ್ತೆ ಆಸ್ಪತ್ರೆಯಲ್ಲಿದ್ದ ಕೊನೆಯ ವಾರ ನಾನು ಜೊತೆಗಿದ್ದೆ. ಒಂದು ಮಧ್ಯಾಹ್ನ ಅಣ್ಣ ಔಷಧಿ ತರಲು ಕೆಳಗೆ ಹೋಗಿದ್ದ. ಅತ್ತಿಗೆ ನನ್ನ ಕೈ ಹಿಡಿದುಕೊಂಡು ಹೇಳಿದರು: "ಹೋದ ವರ್ಷ ಒಂದು ಬಿಳೀ ಕಾರು ಪರೀಕ್ಷೆ ಮಾಡ್ತಿದ್ರು ನೋಡು, ಅವತ್ತೇ ಹೇಳ್ದೆ ಕಣೇ. ಎದುರಿಗೆ ನಿಂತು ಹೇಳೋಕೆ ಭಯ ಆಗ್ತಿತ್ತು. ನಾನು ಹಿಂದೆ ಕೂತಿದ್ನಲ್ಲ, ಹೇಳ್ಬಿಟ್ಟೆ. ಹೊಟ್ಟೇಲಿ ಗಂಟು ಥರ ಏನೋ ಕೈಗೆ ಸಿಗ್ತಿದೆ, ಡಾಕ್ಟರ ಹತ್ರ ಹೋಗೋಣ್ವಾ ಅಂದೆ. 'ಚೆನ್ನಾಗಿದೆ, ಚೆನ್ನಾಗಿದೆ' ಅಂದ್ರು. ಕಿವಿಗೇ ಹಾಕ್ಕೊಳ್ಳಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ ಅತ್ತಿಗೆ?" ಅಂದೆ. ಅವರು ನಕ್ಕರು. ನಿನಗೆ ಗೊತ್ತಲ್ಲ, ಎರಡನೇ ಸಲ ಬಡಿಸಿಕೊಳ್ಳಲೂ ನಾಚಿಕೊಳ್ಳುತ್ತಿದ್ದ ಹೆಂಗಸು. ಕಾರಿನ ಮುಂದೆ ತಾನು ಯಾವ ಲೆಕ್ಕ ಎಂದು ಸುಮ್ಮನಾಗಿಬಿಟ್ಟರು. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ತಡವಾಗಿತ್ತು. "ಇದನ್ನ ಅವರಿಗೆ ಹೇಳ್ಬೇಡ, ನೊಂದ್ಕೋತಾರೆ" ಎಂದು ನನ್ನಿಂದ ಮಾತು ಬೇರೆ ತೆಗೆದುಕೊಂಡರು.

ಅವರು ಹೋದ ದಿನ ಅಣ್ಣ ಬಂದವರ ಎದುರಿಗೆಲ್ಲ ಅತ್ತ. "ಒಂದು ಮಾತು ಹೇಳ್ಲಿಲ್ಲ ನೋಡಿ ಅವ್ಳು, ನಂಗೆ ಒಂದು ಮಾತು ಹೇಳ್ಲಿಲ್ಲ." ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿ ಬಾಯಿಬಿಟ್ಟು ಹೇಳಿದ್ದನ್ನು ಕೇಳಿಸಿಕೊಳ್ಳದೆ, ಈಗ ತಪ್ಪನ್ನೂ ಅವಳ ತಲೆಗೇ ಕಟ್ಟುತ್ತಿದ್ದಾನಲ್ಲ ಎಂದುಕೊಂಡೆ. ಅಲ್ಲಿಂದ ಎದ್ದು ಬಂದೆ.

ಅತ್ತಿಗೆಗೆ ಕೊಟ್ಟ ಮಾತನ್ನು ಇಷ್ಟು ದಿನ ಉಳಿಸಿಕೊಂಡೆ. ಇನ್ನು ಆಗುವುದಿಲ್ಲ. ಅವರು ಕೂರುತ್ತಿದ್ದ ಜಾಗದಲ್ಲಿ ಕೂತು, ಅವರು ಹೇಳಿದಂತೆಯೇ ಮೆಲ್ಲನೆ, ಎಲ್ಲವನ್ನೂ ಅವನ ಬೆನ್ನಿಗೆ ಹೇಳಿ ಬರುತ್ತೇನೆ. ಆಮೇಲೆ ಅಣ್ಣ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಅಮ್ಮ


ಮಾರ್ಚ್ 2

ಹಾರ್ನ್‌ಗೆ,

ನೀನು ಬಂದುಹೋದ ಮೇಲೆ ಮನೆಗೆ ಸುಣ್ಣ ಬಳಿದಂತಾಗಿದೆ. ಹೊರಡುವಾಗ ಮುಖ ಬಿಳಿಚಿಕೊಂಡಿತ್ತು. ಬಸ್ಸಿನಲ್ಲಿ ಏನಾದರೂ ತಿಂದೆಯಾ?

ಬೂದಿಗೆ ಶಬ್ದದಲ್ಲಿ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ. ಹತ್ತನ್ನು ನಾನು ಯಾರಿಗೂ ಕೊಡುವುದಿಲ್ಲ, ಕೊಟ್ಟರೆ ಕಾರಿನ ತಲೆ ತಿರುಗುತ್ತದೆ. ಹೆದ್ದಾರಿಯಲ್ಲೂ ನಿನ್ನ ಮಾತು ಮನೆಯ ಹಜಾರದಲ್ಲಿ ಕೂತು ಆಡಿದಷ್ಟು ಸಲೀಸಾಗಿ ಬಂತು. ವರದಿಯಲ್ಲಿ ಹೀಗೆ ಬರೆದಿದ್ದೇನೆ: 'ಒಳಗೆ ನಿಶ್ಶಬ್ದ. ಹಿಂದಿನ ಸೀಟಿನವರು ದನಿ ಏರಿಸಬೇಕಾಗಿಲ್ಲ.' ಸಂಘದವರಿಗೆ ಕರಡು ಹೋಗಿದೆ. ನಿನ್ನ ಗಾಜಿನ ಹಿಂದೆ ಇನ್ನು ಬೂದಿಗಳ ಸಾಲು ನಿಲ್ಲಿಸಿಕೋ.

ನೀನು ಅತ್ತಿಗೆಯನ್ನು ನೆನೆದು ಮಾತಾಡಿದ್ದು ನನ್ನ ಮನಸ್ಸಿಗೆ ತಂಪಾಯಿತು. ಕಣ್ಣು ಒರೆಸಿಕೊಂಡಿದ್ದನ್ನು ಕನ್ನಡಿಯಲ್ಲಿ ನೋಡಿದೆ. ನೋಡದವನಂತೆ ಇದ್ದೆ, ಅಷ್ಟೆ. ಆದರೆ ನನ್ನ ಪ್ರಶ್ನೆಗೆ ಮಾತ್ರ ನೀನು ಉತ್ತರ ಕೊಡದೆ ಬಸ್ಸು ಹತ್ತಿದೆ. ಕೋಪ ಇಳಿದಿದೆಯೆಂದು ಕಾಣುತ್ತದೆ, ಹಾಗಾದರೆ ಕಾರಣವನ್ನೂ ಇಳಿಸಿಬಿಡು.

ನಿನ್ನ
ಅಣ್ಣ


ಮಾರ್ಚ್ 5

ಮಗಳೇ,

ನಿನ್ನ ಮಾವನಿಗೆ ಕಿವಿ ಕೇಳಿಸುವುದಿಲ್ಲ.

ಅವತ್ತು ಹೆದ್ದಾರಿಗೆ ಬಂದ ಮೇಲೆ ನಾನು ಶುರುಮಾಡಿದೆ. ವೇಗ ಏರಿದಂತೆ ಆ ಕಾರಿನ ಗೇರ್‌ಬಾಕ್ಸ್ ಕಡೆಯಿಂದ ಸಣ್ಣದೊಂದು ಕೀರಲು ಬರತೊಡಗಿತು. ಒಲೆಯ ಮೇಲೆ ಕುದಿಯುವ ಕೆಟಲು ಸೀಟಿ ಹೊಡೆಯುತ್ತದಲ್ಲ, ಹಾಗೆ. ನನ್ನ ಹಲ್ಲು ಜುಂ ಎನ್ನುತ್ತಿತ್ತು. ಅವನು ಮಾತ್ರ ಆರಾಮವಾಗಿ ಓಡಿಸುತ್ತಿದ್ದ.

ನಾನು ಹೇಳಿದೆ: "ಅತ್ತಿಗೆ ನಿಂಗೆ ಹೇಳಿದ್ರು ಅಣ್ಣಾ. ಇಂಥದೇ ಸೀಟಲ್ಲಿ ಕೂತು ಹೇಳಿದ್ರು. ನೀನು ಕಿವಿಗೆ ಹಾಕ್ಕೊಳ್ಳಿಲ್ಲ. ಆಮೇಲೆ ಅವ್ರು ಹೇಳ್ಲೇ ಇಲ್ಲ ಅಂತ ಊರಿಗೆಲ್ಲ ಸುಳ್ಳು ಹೇಳಿದೆ. ಅವ್ರನ್ನ ಕೈಯಾರೆ ಕಳ್ಕೊಂಡೆ."

ಕನ್ನಡಿಯಲ್ಲಿ ಅವನ ಕಣ್ಣುಗಳು ನಗುತ್ತಿದ್ದವು. "ಅಲ್ವಾ? ನಂಗೂ ಹಾಗೇ ಅನ್ಸುತ್ತೆ" ಅಂದ.

ಒಂದು ಕ್ಷಣ ಇವನು ಮನುಷ್ಯನೋ ಕಲ್ಲೋ ಅನ್ನಿಸಿತು. ಬಾಗಿಲು ತೆರೆದು ಹಾರಿಕೊಳ್ಳೋಣ ಅನ್ನುವಷ್ಟು ಸಿಟ್ಟು ಬಂತು. ಕಣ್ಣೀರು ಒರೆಸಿಕೊಳ್ಳುತ್ತ, "ಗಾಡಿ ನಿಲ್ಲಿಸು, ನಂಗೆ ವಾಂತಿ ಬರ್ತಿದೆ" ಅಂದೆ. "ಹೂಂ ಹೂಂ, ಸೀಟು ಮೆತ್ತಗಿದೆ" ಅಂದ. ಕಾರು ಹೋಗುತ್ತಲೇ ಇತ್ತು.

ಆಗ ಗೊತ್ತಾಯಿತು ನನಗೆ. ಗೊತ್ತಾದರೂ ನಂಬಲಾಗಲಿಲ್ಲ. ಇನ್ನೊಂದು ಸಲ, ಅದೇ ದನಿಯಲ್ಲಿ, "ಅಣ್ಣಾ, ಹಿಂದಿನ ಚಕ್ರಕ್ಕೆ ಬೆಂಕಿ ಹತ್ಕೊಂಡಿದೆ" ಅಂದೆ. "ಇನ್ನೊಂದ್ ಸ್ವಲ್ಪ ದೂರ ಹೋಗಿ ಕಾಫಿ ಕುಡಿಯೋಣ" ಅಂದ.

ಕಾಫಿಗೆ ಎದುರುಬದುರು ಕೂತಾಗ ಒಂದು ಮಾತೂ ತಪ್ಪಲಿಲ್ಲ. ಅವನ ಕಣ್ಣು ನನ್ನ ತುಟಿ ಬಿಟ್ಟು ಕದಲಲಿಲ್ಲ. ತಾನು ಹಾಗೆ ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮನೆಯಲ್ಲಿ, ವರ್ಕ್‌ಶಾಪಿನಲ್ಲಿ ಎಲ್ಲರೂ ಎದುರಿಗೇ ನಿಂತು ಗಟ್ಟಿಯಾಗಿ ಮಾತಾಡುತ್ತಾರೆ. ಹಿಂದೆ ಕೂತು ಮೆಲ್ಲನೆ ಮಾತಾಡುತ್ತಿದ್ದವರು ಒಬ್ಬರೇ.

ಎರಡು ವರ್ಷ 'ಕೇಳಿಸಿಕೊಳ್ಳಲಿಲ್ಲ' ಎಂದು ಅವನನ್ನು ದೂರಿದೆ. ಆಗಿದ್ದು 'ಕೇಳಿಸಲಿಲ್ಲ' ಅಷ್ಟೇ. ಹೆಂಡತಿ ಸತ್ತ ಮನುಷ್ಯನನ್ನು ಎರಡು ವರ್ಷ ಒಂಟಿ ಮಾಡಿ ಕೂರಿಸಿದೆ. ಬಸ್ಸಿನಲ್ಲಿ ಪಕ್ಕದವರು ನೀರು ಕೊಟ್ಟು ಸಮಾಧಾನ ಮಾಡಬೇಕಾಯಿತು.

ಅಮ್ಮ


ಮಾರ್ಚ್ 13

ಅಮ್ಮಾ,

ಇದರಲ್ಲಿ ಅಳುವುದೇನಿದೆ? ಇದು ಒಳ್ಳೆಯ ಸುದ್ದಿ. ಮಾವ ನೀನು ಅಂದುಕೊಂಡಂಥವರಲ್ಲ ಎಂದು ಗೊತ್ತಾಯಿತಲ್ಲ. ಮೊದಲು ಅವರನ್ನು ಕಿವಿಯ ಡಾಕ್ಟರ ಹತ್ತಿರ ಕಳಿಸು. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳು. 'ನಿನ್ನದು ತಪ್ಪಿಲ್ಲ' ಎಂದು ನೀನೇ ಅವರಿಗೆ ಹೇಳಿದರೆ ಅವರಿಗೂ ಹಗುರ, ನಿನಗೂ ಹಗುರ. ನಿಜವನ್ನು ಬಚ್ಚಿಟ್ಟು ಯಾರೂ ಉದ್ಧಾರವಾದದ್ದನ್ನು ನಾನು ನೋಡಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಗಳು


ಮಾರ್ಚ್ 20

ಮಗಳೇ,

ನೀನು ಹೇಳಿದ್ದು ಸರಿ. ಆದರೆ 'ನಿನ್ನದು ತಪ್ಪಿಲ್ಲ' ಎಂದು ಹೇಳಬೇಕಾದರೆ ತಪ್ಪು ಯಾವುದೆಂದು ಮೊದಲು ಹೇಳಬೇಕಲ್ಲ. 'ನಿನ್ನ ಹೆಂಡತಿ ನಿನ್ನ ಬೆನ್ನ ಹಿಂದೆಯೇ ಕೂತು ಕಾಪಾಡು ಅಂದಳು, ನೀನು ಚೆನ್ನಾಗಿದೆ ಅಂದೆ' ಎನ್ನಲೇ? ಹೇಳಲೇ ಇಲ್ಲವಲ್ಲ ಎಂಬ ಬೇಸರದಲ್ಲಾದರೂ ಅವನು ಬದುಕಿಕೊಂಡಿದ್ದಾನೆ. ಹೇಳಿದ್ದಳು ಎಂದು ತಿಳಿದರೆ ಅವನು ಮತ್ತೆ ಸ್ಟೇರಿಂಗ್ ಹಿಡಿಯುತ್ತಾನೆಯೇ? ಊಟಕ್ಕೆ ಕೂರುತ್ತಾನೆಯೇ?

ಕಿವಿಯ ವಿಷಯ ಬೇರೆ. ಅದನ್ನು ಮುಚ್ಚಿಡುವ ಹಾಗಿಲ್ಲ. ಒಂಬತ್ತು ಅಂಕವನ್ನು ನಂಬಿ ಡೀಲರುಗಳು ಕಾರು ತರಿಸುತ್ತಾರೆ, ಜನ ಕೊಳ್ಳುತ್ತಾರೆ. ಅದನ್ನು ಡೀಲರಾಗಿಯೇ ಬರೆಯುತ್ತೇನೆ.

ಅಮ್ಮ


ಏಪ್ರಿಲ್ 3

ಅಣ್ಣನಿಗೆ,

ವರದಿಯ ಕರಡು ಓದಿದೆ. ತೂಗಾಟ, ಬ್ರೇಕು, ಹಿಂದಿನ ಬಾಗಿಲು, ಡಿಕ್ಕಿಯ ಜಾಗ, ಎಲ್ಲದರಲ್ಲೂ ನಿನ್ನ ಮಾತಿಗೆ ನನ್ನ ಸಹಿ ಇದೆ. ಶಬ್ದದ ಅಧ್ಯಾಯಕ್ಕೆ ಇಲ್ಲ. ಹೆದ್ದಾರಿಯಲ್ಲಿ ಗೇರ್‌ಬಾಕ್ಸ್‌ನಿಂದ ಒಂದು ಕೀರಲು ಬರುತ್ತದೆ. ನನಗೆ ದಾರಿಯುದ್ದಕ್ಕೂ ಕೇಳಿಸಿತು. ನಿನಗೆ ಕೇಳಿಸಲಿಲ್ಲ.

ವರ್ಕ್‌ಶಾಪಿನ ಮೆಕ್ಯಾನಿಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಹೋಗಿ ಬಾ. ಆಮೇಲೆ ಕಿವಿಯ ಡಾಕ್ಟರನ್ನು ನೋಡು. ಇದು ಜಗಳಕ್ಕೆ ಬರೆದದ್ದಲ್ಲ ಅಣ್ಣಾ. ನೀನು ಚೆನ್ನಾಗಿರಬೇಕೆಂದು ಬರೆದದ್ದು.

ತಂಗಿ


ಏಪ್ರಿಲ್ 11

ಡೀಲರಮ್ಮನವರಿಗೆ,

ಎಂಜಿನ್ ಕೆಮ್ಮಿದರೆ ಯಾವ ಸಿಲಿಂಡರಿಗೆ ನೆಗಡಿಯೆಂದು ಬೀದಿಯ ಆ ತುದಿಯಿಂದ ಹೇಳಿದ ಕಿವಿ ಇದು. ಇದಕ್ಕೆ ಡಾಕ್ಟರು ಬೇಕಂತೆ! ಕಾರು ಬೇಡವಾಗಿದ್ದರೆ ಬೇಡ ಎಂದು ಸಂಘದ ಸಭೆಯಲ್ಲಿ ಕೈ ಎತ್ತು. ನನ್ನ ಕಿವಿ ಹಿಂಡಲು ಬರಬೇಡ.

ಅಣ್ಣ


ಜೂನ್ 6

ಹಾರ್ನ್‌ಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ನಿನ್ನ ಕಾಗದಕ್ಕೆ ಹಾಗೆ ಉತ್ತರ ಬರೆದೆನಾದರೂ ಒಳಗೊಳಗೇ ಕೊರೆಯುತ್ತಿತ್ತು. ಕೊನೆಗೆ ಮೆಕ್ಯಾನಿಕ್ಕನನ್ನು ಕರೆದುಕೊಂಡು ಹೋದೆ. ನಾನೂ ಅವನೂ ಒಟ್ಟಿಗೆ ಕೆಲಸ ಕಲಿತವರು. ವೇಗ ಏರುತ್ತಿದ್ದಂತೆ ಅವನು ಮುಖ ಹಿಂಡಿದ. "ಏನೋ ಇದು, ಬೆಕ್ಕಿನ ಬಾಲ ಸಿಕ್ಕಾಕ್ಕೊಂಡಂಗಿದೆ" ಅಂದ. ನಾನು ಕಾರನ್ನು ಬದಿಗೆ ನಿಲ್ಲಿಸಿದೆ. "ಇನ್ನೊಂದು ಸಲ ಹೋಗೋಣ" ಅಂದೆ. ಇನ್ನೊಂದು ಸಲವೂ ಅವನು ಮುಖ ಹಿಂಡಿದ, ನನಗೆ ಟೈರಿನ ಗುಂಯ್ ಒಂದೇ ಕೇಳಿಸಿತು.

ಡಾಕ್ಟರಮ್ಮ ಗಾಜಿನ ಗೂಡಿನಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಸದ್ದು ಬಂದಾಗ ಗುಂಡಿ ಒತ್ತಬೇಕು. ನಾನು ಕಾಯುತ್ತಲೇ ಇದ್ದೆ, ಇನ್ನೂ ಶುರುವಾಗಿಲ್ಲ ಎಂದುಕೊಂಡು. ಅವರು ಬಾಗಿಲು ತೆರೆದು "ಮುಗೀತು" ಅಂದರು. ದಪ್ಪ ಸದ್ದು ನನಗೆ ಕೇಳಿಸುತ್ತದಂತೆ, ಸಣ್ಣ ಸದ್ದು ಪೂರ್ತಿ ಹೋಗಿದೆಯಂತೆ. ಜೀವಮಾನವೆಲ್ಲ ಎಂಜಿನ್ನಿಗೆ ಕಿವಿಗೊಟ್ಟವರಿಗೆ ಹೀಗಾಗುತ್ತದಂತೆ. ಮಾತಿನ ಗೊಣಗು ಕಿವಿಗೆ ಬೀಳುತ್ತದೆ, ಉಳಿದದ್ದನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಹಾಗೆ ತುಂಬಿಕೊಂಡದ್ದು ತನ್ನದೆಂದು ಮನುಷ್ಯನಿಗೆ ತಿಳಿಯುವುದಿಲ್ಲವಂತೆ.

ಸಂಘಕ್ಕೆ ಬರೆದುಬಿಟ್ಟೆ: ಶಬ್ದದ ಅಧ್ಯಾಯವನ್ನು ವಾಪಸು ತೆಗೆದುಕೊಂಡಿದ್ದೇನೆ, ಮೆಕ್ಯಾನಿಕ್ಕ ಕೊಟ್ಟ ಐದು ಅಂಕವೇ ನಿಜ, ಇದು ನನ್ನ ಕೊನೆಯ ವರದಿ. ಅದಕ್ಕೆ ನನಗೆ ದುಃಖವಿಲ್ಲ ಎಂದರೆ ಸುಳ್ಳಾಗುತ್ತದೆ. ಬೂದಿಯ ಕೀಲಿ ಕೊಟ್ಟು ನಡೆದೇ ಮನೆಗೆ ಬಂದೆ.

ಆದರೆ ನನ್ನನ್ನು ತಿನ್ನುತ್ತಿರುವುದು ಬೇರೆ. ಯಾವಾಗಿನಿಂದ ಹೀಗೆ ಎಂದು ಡಾಕ್ಟರಮ್ಮನನ್ನು ಕೇಳಿದೆ. ಆರೇಳು ವರ್ಷವಾದರೂ ಆಗಿರಬೇಕು ಅಂದರು. ಅಂದರೆ ಅವಳು ಹಿಂದೆ ಕೂತಿದ್ದಾಗಲೂ. ಅವಳ ಕೊನೆಯ ವರ್ಷಗಳ ಕಾರುಗಳಿಗೆಲ್ಲ ಎಂಟು, ಒಂಬತ್ತು ಕೊಟ್ಟಿದ್ದೇನೆ. 'ಮಾತು ಸ್ಪಷ್ಟ' ಎಂದು ಬರೆದಿದ್ದೇನೆ. ಅವಳು ಹಿಂದಿನಿಂದ ಏನೋ ಹೇಳುತ್ತಿದ್ದಳು, ನಾನು ತಲೆ ಆಡಿಸುತ್ತಿದ್ದೆ. ಅಂಗಡಿಯ ಸಾಮಾನೋ, ಪಕ್ಕದ ಮನೆಯ ಸುದ್ದಿಯೋ ಇರಬೇಕು ಎಂದುಕೊಂಡಿದ್ದೆ. ಈಗ ಯೋಚಿಸಿದರೆ ಒಂದು ಮಾತೂ ನೆನಪಿಗೆ ಬರುವುದಿಲ್ಲ. ಕೇಳಿದ್ದರೆ ತಾನೇ ನೆನಪಿರುವುದು?

ಆಸ್ಪತ್ರೆಯಲ್ಲಿ ಅವಳ ಜೊತೆ ನೀನಿದ್ದೆ. ಅವಳು ನಿನ್ನ ಹತ್ತಿರ ಏನಾದರೂ ಅಂದಳಾ? ನನಗೆ ಹೇಳಿದ್ದೆ ಅಂದಳಾ? ನೀನು ಮಾತು ಬಿಟ್ಟದ್ದು ಅದಕ್ಕೇನಾ?

ನಿನ್ನ ಮುಂದೆ ಕೈ ಮುಗಿದು ಕೇಳುತ್ತೇನೆ, ಹೇಳು. ಹೇಳಿದ್ದಳು ಅಂದರೂ ಸರಿ. ಸರಿ ಎಂದು ಬರೆಯುತ್ತಿದ್ದೇನೆ, ಆದರೆ ಹಾಗೆಂದು ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ. ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟು ಏಳುತ್ತಿದ್ದೇನೆ.

ನಿನ್ನ
ಅಣ್ಣ


ಜೂನ್ 15

ಅಣ್ಣನಿಗೆ,

ನಿನ್ನ ತಲೆಗೆ ಏನೇನು ಹುಳ ಬಿಟ್ಟುಕೊಂಡಿದ್ದೀಯ! ಅತ್ತಿಗೆ ನಿನಗೆ ಹೇಳಿರಲಿಲ್ಲ. ನಾನು ಅವರನ್ನು ಕೇಳಿದ್ದೆ. "ಅವರಿಗೆ ಹೇಳ್ಲಿಲ್ಲ, ಹೇಳಿದ್ರೆ ಕೆಲಸ ಬಿಟ್ಟು ನನ್ನ ಹಿಂದೆ ಕೂತ್ಬಿಡ್ತಿದ್ರು" ಅಂದರು. ಅವರ ಬಾಯಿಂದಲೇ ಕೇಳಿದ್ದು. ಕಾರಿನಲ್ಲಿ ಕೂತರೆ ಅವರು ಹೆಚ್ಚಾಗಿ ತೂಕಡಿಸುತ್ತಿದ್ದರು, ಎಚ್ಚರವಿದ್ದಾಗ ದಾರಿಬದಿಯ ಬೋರ್ಡುಗಳನ್ನು ಓದಿ ಹೇಳುತ್ತಿದ್ದರಂತೆ. "ನಾನು ಏನು ಓದಿದ್ರೂ ಪಾಪ ತಲೆ ಆಡಿಸ್ತಾರೆ" ಎಂದು ನಗುತ್ತಿದ್ದರು. ನೀನು ಕಳೆದುಕೊಂಡದ್ದು ಬೋರ್ಡುಗಳನ್ನು, ಬೇರೇನನ್ನೂ ಅಲ್ಲ.

ಇನ್ನು ನಾನು ಮಾತು ಬಿಟ್ಟ ಕಾರಣ. ಹೇಳಲು ನಾಚಿಕೆಯಾಗುತ್ತದೆ, ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ. ಅತ್ತಿಗೆಯ ಆ ಹಳೇ ಕೆಂಪು ಕಾರು. ಅಂತ್ಯಕ್ರಿಯೆ ಮುಗಿದ ಸಂಜೆಯೇ ಅದರ ಕೀಲಿಯನ್ನು ನೀನು ಆಸ್ಪತ್ರೆಯ ನರ್ಸಮ್ಮನ ಕೈಗೆ ಕೊಟ್ಟುಬಿಟ್ಟೆ. ನನ್ನ ಮಗಳಿಗೆ ಕೊಡುತ್ತೀಯೆಂದು ನಾನು ಕಾದಿದ್ದೆ. ಸ್ವಂತ ತಂಗಿಯ ಮಗಳಿಗಿಲ್ಲದ್ದು ಯಾರೋ ಹೊರಗಿನವಳಿಗೆ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಎದ್ದು ಬಂದೆ. ಬಂದ ಮೇಲೆ ಸೋಲಲು ಮನಸ್ಸಾಗಲಿಲ್ಲ.

ಇಷ್ಟೇ. ಬಯ್ಯುವುದಾದರೆ ಬಯ್ಯಿ. ಊಟ ಮಾತ್ರ ಬಿಡಬೇಡ.

ತಂಗಿ


ಜೂನ್ 27

ತಂಗಿಗೆ,

ನಿನ್ನ ಕಾಗದದ ಮೊದಲ ಅರ್ಧವನ್ನು ಓದಿ ಅತ್ತುಬಿಟ್ಟೆ. ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಅವಳು ಹೇಳಿರಲಿಲ್ಲ. ಅಷ್ಟು ಸಾಕು ನನಗೆ. ಬೋರ್ಡುಗಳನ್ನು ಓದುತ್ತಿದ್ದಳೆಂದು ತಿಳಿದು ನಗುವೂ ಬಂತು. ಅವತ್ತು ಹೊಟ್ಟೆ ತುಂಬ ಉಂಡೆ.

ಎರಡನೇ ಅರ್ಧವನ್ನು ಓದಬಾರದಿತ್ತು ಅನ್ನಿಸುತ್ತಿದೆ. ಒಂದು ಹಳೇ ಕಾರಿಗೆ! ಶೋರೂಮು ಇಟ್ಟುಕೊಂಡವಳು ನೀನು. ಆ ನರ್ಸಮ್ಮ ನಿನ್ನ ಅತ್ತಿಗೆಯ ಮೈ ಒರೆಸಿದವಳು, ತಲೆ ಬಾಚಿದವಳು, ನಾನು ಹೊರಗೆ ಹೋಗಿ ಅಳುವಾಗ ಒಳಗೆ ಅವಳನ್ನು ನಗಿಸಿದವಳು. ಕಾರನ್ನು ಅವಳಿಗೆ ಕೊಡಿ ಎಂದದ್ದು ನಿನ್ನ ಅತ್ತಿಗೆಯೇ. ಅದನ್ನು ನೋಡಿ ನಿನ್ನ ಹೊಟ್ಟೆ ಉರಿಯಿತು. ಅದಕ್ಕೆ ನನ್ನನ್ನು ಎರಡು ವರ್ಷ ಈ ಮನೆಯ ನಾಲ್ಕು ಗೋಡೆಗಳ ಜೊತೆ ಬಿಟ್ಟೆ. ನನಗೆ ಹುಷಾರಿಲ್ಲದೆ ಮಲಗಿದ್ದಾಗಲೂ ಬರಲಿಲ್ಲ.

ದೊಡ್ಡ ಕಾರಣವೇನೋ ಇರಬೇಕೆಂದು ನಿನ್ನ ಪರವಾಗಿ ನಾನೇ ನನ್ನ ಜೊತೆ ವಾದ ಮಾಡುತ್ತಿದ್ದೆ. ಇಷ್ಟು ಸಣ್ಣದಿರುತ್ತದೆಂದು ಎಣಿಸಿರಲಿಲ್ಲ. ಬಯ್ಯುವಷ್ಟು ಸಿಟ್ಟೂ ಇಲ್ಲ. ಸದ್ಯಕ್ಕೆ ಬರಬೇಡ, ಬರೆಯಲೂ ಬೇಡ. ನಿನ್ನ ಮಗಳು ಬೇಕಾದರೆ ಬಂದು ಹೋಗಲಿ, ಆ ಕೂಸಿನದೇನೂ ತಪ್ಪಿಲ್ಲ.

ಅಣ್ಣ


ಜುಲೈ 4

ಮಗಳೇ,

ಮಾವನ ಕಾಗದ ಬಂತು. ಊಟ ಸೇರುತ್ತಿದೆಯಂತೆ. ನನ್ನ ಮುಖ ನೋಡಲು ಮನಸ್ಸಿಲ್ಲವಂತೆ. ಯಾಕೆ, ಏನು ಎಂದು ನಿನಗೆ ತಿಳಿಯಲೆಂದು ನಾನು ಅವನಿಗೆ ಬರೆದದ್ದನ್ನು ಇದರ ಜೊತೆ ನಕಲು ಮಾಡಿ ಇಟ್ಟಿದ್ದೇನೆ. ಓದಿ ನೀನು ನನ್ನ ಮೇಲೆ ಹರಿಹಾಯುತ್ತೀಯ. ಹರಿಹಾಯಿ. ಆದರೆ ಅವನಿಗೆ ಬರೆಯಬೇಡ.

ನಿನ್ನೆ ಸಂಘದ ಸಭೆಯಿತ್ತು. ಬೂದಿಯನ್ನು ತರಿಸುವುದೆಂದು ಒಪ್ಪಿದರು. "ಜನ ಹಾಡು ಹಾಕ್ಕೊಂಡು ಓಡಿಸ್ತಾರೆ, ಕೀರಲು ಯಾರಿಗೆ ಕೇಳುತ್ತೆ?" ಎಂದರು. ಗಿರಾಕಿಗೆ ಮೊದಲೇ ತಿಳಿಸಿ ಮಾರಬೇಕೆಂದು ನಾನು ಹಟ ಹಿಡಿದೆ, ಅದಕ್ಕೂ ಹೂಂ ಅಂದರು. ಅಂಗಡಿ ಉಳಿಯಿತು. ಹೇಳಿಕೊಳ್ಳೋಣವೆಂದು ಅಭ್ಯಾಸಬಲದಿಂದ ಅಣ್ಣನಿಗೆ ಕಾಗದ ಬರೆಯಲು ಕೂತೆ, ಆಮೇಲೆ ಎದ್ದೆ. ನನಗೆ ಬಹಳ ದುಃಖವಾಗುತ್ತಿದೆ ಮಗಳೇ. ಅವನ ತಪ್ಪಿಲ್ಲವೆಂದು ಗೊತ್ತಾದ ಮೇಲೆ ಅವನು ನನಗೆ ಸಿಗುತ್ತಾನೆ ಎಂದುಕೊಂಡಿದ್ದೆ.

ಅವನು ನಿನ್ನನ್ನು ಬಾ ಅಂದಿದ್ದಾನೆ. ರಜೆ ಸಿಕ್ಕ ಕೂಡಲೇ ಹೋಗು. ಆ ಮನೆಯಲ್ಲಿ ಯಾರಾದರೂ ನಾಲ್ಕು ದಿನ ಓಡಾಡಬೇಕು. ಕೆಂಪು ಕಾರಿನ ಮಾತು ತೆಗೆದೇ ತೆಗೆಯುತ್ತಾನೆ, ನಿಮ್ಮಮ್ಮ ಹೀಗೆ ಮಾಡಬಹುದಾ ಎಂದು ಕೇಳುತ್ತಾನೆ. ನೀನು ನನ್ನ ಪರ ವಹಿಸಬೇಡ. 'ಹೌದು ಮಾವ, ಅಮ್ಮನಿಗೆ ಆ ಕಾರಿನ ಮೇಲೆ ಬಹಳ ಆಸೆಯಿತ್ತು' ಅನ್ನು. ಕಿವಿಗೆ ಯಂತ್ರ ಹಾಕಿಕೊಂಡರೂ ತುಟಿ ಕಾಣದಿದ್ದರೆ ಅವನಿಗೆ ಮಾತು ಪೂರ್ತಿ ಸಿಗುವುದಿಲ್ಲ. ಎದುರಿಗೆ ಕೂತು, ಬೆಳಕಿಗೆ ಮುಖ ಮಾಡಿ, ಒಂದೊಂದೇ ಪದವನ್ನು ಬಿಡಿಸಿ ಹೇಳು.

ಅಮ್ಮ